ದೋಣಿಗೊಂದು ಕ್ಯಾರಿಯರ್

ವಾಹನಗಳ ತಲೆಯ ಮೇಲೆ ಏನಿದೆ ಎಂದು ನೋಡುವುದು ಇತ್ತೀಚೆಗೆ ನನಗೆ ಅಂಟಿಕೊಂಡ ಚಟ. ನಮ್ಮ ಆಳಂದದ ರಸ್ತೆಬದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಮದುವೆಯ ಅಲಮಾರಿ, ಮಂಚ, ತೊಗರಿಯ ಚೀಲ, ಒಮ್ಮೊಮ್ಮೆ ಆ ಚೀಲಗಳಿಗೆ ಒರಗಿ ನಿದ್ರಾಸುಖ ಅನುಭವಿಸುತ್ತಿರುವ ಅವುಗಳ ಒಡೆಯನೂ ದರ್ಶನ ಕೊಡುತ್ತಾನೆ. ಗಜಾರೋಹಣ, ಅಶ್ವಾರೋಹಣಗಳ ಕಾಲ ಮುಗಿದಿದ್ದರೂ ಟಾಪಾರೋಹಣದ ಕಾಲ ನಮ್ಮಲ್ಲಿನ್ನೂ ಮುಗಿದಿಲ್ಲ.

ಈ ಚಟಕ್ಕೆ ಮೂಲ ಒಂದು ದೋಣಿ. ನಾನು ಪಶುವೈದ್ಯ, ದನಕರುಗಳ ಹೊರತು ಬೇರೇನನ್ನೂ ಏರಿಸಿ ಇಳಿಸಿ ಗೊತ್ತಿಲ್ಲದವನು. ಜೇವರ್ಗಿಯ ಗೆಳೆಯನೊಬ್ಬ ವರ್ಗವಾಗಿ ಹೋಗುವಾಗ ಹುಟ್ಟು ಹಾಕಿ ನಡೆಸುವ ತನ್ನ ಉದ್ದನೆಯ, ಹಗುರವಾದ ಫೈಬರ್ ದೋಣಿಯನ್ನು ನನಗೆ ದಾನ ಮಾಡಿದ. ಬೇಡವೆನ್ನಲು ಮನಸ್ಸಾಗಲಿಲ್ಲ. ನನ್ನ ಹೆಂಡತಿ ಸುಜಾತಾ ಅಫಜಲಪುರ ಕಡೆಯ ಮಣ್ಣೂರಿನವಳು, ದೋಣಿಯಲ್ಲಿ ಭೀಮೆಯನ್ನು ದಾಟುತ್ತ ಬೆಳೆದವಳು. ನನ್ನ ಕೈಹಿಡಿದು ಆಳಂದದ ಒಣನೆಲಕ್ಕೆ ಬಂದ ಮೇಲೆ ನಲ್ಲಿಯಲ್ಲಿ ನೀರು ಬಂದ ದಿನವೇ ಅವಳಿಗೆ ಹೊಳೆ. ಅವಳನ್ನು ಒಮ್ಮೆ ಅವಳ ಹೊಳೆಯ ಮೇಲೆ ಕರೆದೊಯ್ಯಬೇಕೆಂಬುದು ನನ್ನ ಬಹುಕಾಲದ ಆಸೆ.

ದೋಣಿಯನ್ನು ನನ್ನ ಪಿಕಪ್ಪಿನ ತಲೆಯ ಮೇಲಿಟ್ಟು, ಎಮ್ಮೆ ಕಟ್ಟುವ ಹಗ್ಗದಿಂದ ಬಿಗಿದು, ಜೇವರ್ಗಿಯಿಂದ ಮಣ್ಣೂರಿನ ಕಡೆಗೆ ಇಬ್ಬರೂ ಹೊರಟೆವು. ಚೌಡಾಪುರದ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ಬ್ರೇಕು ಒತ್ತಿದೆ. ಗಾಡಿ ನಿಂತಿತು, ದೋಣಿ ನಿಲ್ಲಲಿಲ್ಲ. ಮುಂದಿನ ಗಾಜಿನ ಮೇಲಿಂದ ಜಾರಿ, ಎಮ್ಮೆಯ ಎದುರು ಮೂಗೂರಿ ನಿಂತಿತು. ಎಮ್ಮೆ ಅದನ್ನು ಮೂಸಿ ನೋಡಿ, ಒಳಗೆ ನೀರಿಲ್ಲವೆಂದು ಮುಂದಕ್ಕೆ ಹೋಯಿತು.

"ನೆಲದ ಮ್ಯಾಲ ದೋಣಿ ಹಿಡೀಲಿಕ್ಕ ಬರಂಗಿಲ್ಲ ನಿಮಗ. ನೀರಾಗ ನನ್ನ ಹ್ಯಾಂಗ ಹಿಡೀತೀರಿ? ನಾ ಕೂಡಂಗಿಲ್ಲ ಹೋಗ್ರಿ," ಎಂದಳು ಸುಜಾತಾ.

ದೋಣಿಯನ್ನು ಅಲ್ಲೇ ಪರಿಚಯದ ಹೋಟೆಲಿನ ಹಿತ್ತಲಲ್ಲಿ ಬಿಟ್ಟು ಬಂದೆವು. ಆ ಮಾತು ಮಾತ್ರ ನನ್ನ ಜೊತೆಗೇ ಬಂತು. ಅಲುಗಾಡದ ಕ್ಯಾರಿಯರ್ ಒಂದನ್ನು ಮಾಡಿಸದೆ ಆಕೆ ದೋಣಿ ಹತ್ತುವುದಿಲ್ಲ ಎಂಬುದು ಖಚಿತವಾಯಿತು. ಮೊಬೈಲಿನಲ್ಲಿ ಶೋಧ ನಡೆಸಿದೆ. ರಬ್ಬರಿನ ಪಾದದ್ದು, ಗಾಳಿ ಎಳೆದು ಅಂಟಿಕೊಳ್ಳುವುದು, ತಗಡಿಗೆ ತೂತು ಕೊರೆದು ಕೂರಿಸುವುದು. ವರಾನ್ವೇಷಣೆಯಲ್ಲೂ ಇಷ್ಟು ಕೊಂಕು ತೆಗೆದವರಿರಲಾರರು. ಕ್ಯಾಬಿನ್ನಿನ ತಲೆ ಗಿಡ್ಡ, ದೋಣಿ ಉದ್ದ. ಆದ್ದರಿಂದ ಒಂದು ಅಡ್ಡಪಟ್ಟಿ ಕ್ಯಾಬಿನ್ನಿನ ಮೇಲೆ, ಇನ್ನೊಂದು ಗಾಡಿಯ ಹಿಂತುದಿಯಲ್ಲಿ ಎತ್ತರಕ್ಕೆ ಇರಬೇಕು ಎಂಬ ಜ್ಞಾನೋದಯವಾದದ್ದೇ ತಡ, ವೆಲ್ಡಿಂಗ್ ಅಂಗಡಿಯ ಮೈಬೂಬನ ಬಳಿ ಹೋದೆ. ದೋಣಿ ಒಯ್ಯಲು ಗಟ್ಟಿಯಾದ ಕ್ಯಾರಿಯರ್ ಬೇಕೆಂದೆ, ಉದ್ದ ಹೇಳಿದೆ.

ಅವನು ಹುಬ್ಬೇರಿಸಿದ. "ಅಬ್ಬಾ! ಒಮ್ಮಿಗೇ ಎಷ್ಟ ಜಾನವಾರ ನಿಂದರತಾವ್ರಿ ಸಾಹೇಬ್ರ?"

ದೋಣಿ ಹತ್ತುವ ನಮ್ಮ ಗಂಡ-ಹೆಂಡಿರನ್ನೇ ಚೇಷ್ಟೆ ಮಾಡುತ್ತಿದ್ದಾನೆಂದು ತಿಳಿದು ನಾನೂ ನಕ್ಕೆ. "ಎರಡೇ. ಅದರಾಗ ಒಂದು ಬಾಳ ಹಟಮಾರಿ."

ವಾರದ ಮೇಲೆ ಹೋಗಿ ನೋಡಿದರೆ ನನ್ನ ಪಿಕಪ್ಪಿನ ಬೆನ್ನ ಮೇಲೆ ದಪ್ಪ ಕಬ್ಬಿಣದ ಕೋನಪಟ್ಟಿಗಳ ಒಂದು ಮಹಾಮಂಟಪ ಎದ್ದು ನಿಂತಿತ್ತು. "ಕಲ್ಲಿನ ದ್ವಾಣಿ ಇಟ್ರೂ ಜಗ್ಗಂಗಿಲ್ಲ್ರಿ," ಎಂದ ಮೈಬೂಬ ಹೆಮ್ಮೆಯಿಂದ. ಆಗ ನನಗೆ ಹೊಳೆಯಿತು. ದನದ ಡಾಕ್ಟರು ದೋಣಿ ಎಂದರೆ ಆಳಂದದಲ್ಲಿ ದನಗಳು ನೀರು ಕುಡಿಯುವ ತೊಟ್ಟಿಯಲ್ಲದೆ ಇನ್ನೇನು? ನನ್ನದು ಹೊಳೆಯ ದೋಣಿ ಎಂದು ವಿವರಿಸಿದಾಗ ಅವನು ಹಣೆ ಬಡಿದುಕೊಂಡು ನಕ್ಕ.

"ನಮ್ಮ ಕಡಿ ದ್ವಾಣಿಯೊಳಗ ನೀರ ಇರತದ್ರಿ ಸಾಹೇಬ್ರ. ನೀರೊಳಗ ದ್ವಾಣಿ ಇರೂದು ನಾವ್ ಯಾವಾಗ ನೋಡಬೇಕ್ರಿ?"

ಮನೆಯಲ್ಲಿ ಈ ಕಥೆ ಹೇಳಿದೆ. ಹಟಮಾರಿ ಜಾನವಾರದ ಭಾಗವನ್ನು ಬಿಟ್ಟೇ ಹೇಳಬೇಕಿತ್ತು, ಬಾಯಿ ತಪ್ಪಿತು. ಸುಜಾತಾ ಸಿಟ್ಟಾಗಲಿಲ್ಲ; ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮರುದಿನ ಹಳೆಯ ಕೌದಿಯೊಂದನ್ನು ತಂದು, ದೋಣಿಗೆ ಒತ್ತದಿರಲೆಂದು ಆ ಕಬ್ಬಿಣಕ್ಕೆ ತಾನೇ ಸುತ್ತಿದಳು. ನನಗೆ ಬಹಳ ಸಂತೋಷವಾಯಿತು. ಆದರೂ ದೋಣಿ ಹತ್ತುವ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೋಟೆಲಿನ ಹಿತ್ತಲಿನಿಂದ ದೋಣಿಯನ್ನು ಹೇರಿಕೊಂಡು ಇಬ್ಬರೂ ಮತ್ತೆ ಹೊರಟೆವು. ಚೌಡಾಪುರದಿಂದ ಮಣ್ಣೂರಿನವರೆಗೆ ಅದು ಕೂದಲೆಳೆಯಷ್ಟೂ ಕದಲಲಿಲ್ಲ. ದಂಡೆಯಲ್ಲಿ ಇಳಿಸಿದಾಗ ಅವಳು ಸುತ್ತ ಒಂದು ಸಲ ಬಂದು, ಗೀರು ಬಿದ್ದಿದೆಯೇ ಎಂದು ಕೈಯಾಡಿಸಿ ನೋಡಿದಳು. ಬಳಿಕ ತೇಲುವ ಜಾಕೆಟ್ ತೊಟ್ಟು, ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿ, ಹತ್ತಿ ಕುಳಿತಳು. ಗೆದ್ದೆನೆಂಬ ಗತ್ತಿನಲ್ಲಿ ನಾನೂ ಹತ್ತಿ ಹುಟ್ಟು ಹಿಡಿದೆ.

ದೋಣಿ ದಂಡೆ ಬಿಟ್ಟು ಒಮ್ಮೆ ಹೊಯ್ದಾಡಿತು. ಈಜು ಬಾರದ ಪಶುವೈದ್ಯ ಹುಟ್ಟನ್ನು ಮಡಿಲಿಗೆ ಬಿಟ್ಟು, ಎರಡೂ ಕೈಯಿಂದ ದೋಣಿಯ ಅಂಚುಗಳನ್ನು ಅವಚಿಕೊಂಡ. ಸುಜಾತಾ ಹಿಂದಿರುಗಿ ನೋಡಿ, ಹುಟ್ಟನ್ನು ತೆಗೆದುಕೊಂಡಳು. ನೀರಿಗೆ ಅದ್ದಿ ಎಳೆದಳು. ದೋಣಿ ನೆಟ್ಟಗಾಗಿ ಮುಂದೆ ಸಾಗಿತು.

"ಅಷ್ಟ ಬಿಗಿ ಹಿಡೀಬ್ಯಾಡ್ರಿ," ಎಂದಳು. "ನೀವು ಕ್ಯಾರಿಯರ್ ಮ್ಯಾಲ ಇಲ್ಲ. ನನ್ನ ಹೊಳಿ ಮ್ಯಾಲ ಇದ್ದೀರಿ."

ನಾನು ಒಂದು ಕೈ ಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದನ್ನೂ.