ತಿಬೂರ್ಸಿಯೊನನ್ನು ಎಬ್ಬಿಸದ ಪೊರಕೆ

ನಮ್ಮ ಚಾರ್ಕೊ ಲಾರ್ಗೊದಲ್ಲಿ ಮನೆಗೆ ಬಂದವರಿಗೆ "ಇನ್ನು ಹೊರಡಿ" ಎನ್ನುವ ಬಾಯಿ ಯಾರಿಗೂ ಇಲ್ಲ. ಆ ಕೆಲಸವನ್ನು ಪೊರಕೆಗೆ ಬಿಟ್ಟಿದ್ದೇವೆ. ಬಂದವರು ಏಳುವ ಲಕ್ಷಣ ಕಾಣದಿದ್ದರೆ ಮನೆಯಾಕೆ ಮೆಲ್ಲಗೆ ಎದ್ದು, ಪೊರಕೆಯನ್ನು ತಲೆಕೆಳಗಾಗಿ ಮುಂಬಾಗಿಲ ಹಿಂದೆ ನಿಲ್ಲಿಸಿ, ಗರಿಯ ಮೇಲೆ ಒಂದು ಚಿಟಿಕೆ ಉಪ್ಪು ಉದುರಿಸಿ, ಏನೂ ಅರಿಯದವಳಂತೆ ವಾಪಸು ಬಂದು ಕೂರುತ್ತಾಳೆ. ಕಾಲು ಗಂಟೆಯೊಳಗೆ ಬಂದವರಿಗೆ ಒಲೆಯ ಮೇಲೆ ಹುರುಳಿ ಬೇಯಲಿಟ್ಟದ್ದು ನೆನಪಾಗುತ್ತದೆ. ನನ್ನ ಅಜ್ಜಿ ಹೀಗೆ ಒಬ್ಬ ಪಾದ್ರಿಯನ್ನೇ ಎಬ್ಬಿಸಿ ಕಳಿಸಿದ್ದಳು.

ಈ ಪೊರಕೆಗೆ ಜಗ್ಗದ ಮನುಷ್ಯ ಊರಿನಲ್ಲಿ ಒಬ್ಬನೇ, ತಿಬೂರ್ಸಿಯೊ ಬೆರ್ರೀಯೊ. ಜಗ್ಗುವುದಾದರೂ ಹೇಗೆ? ಊರಿನ ಪೊರಕೆಗಳನ್ನೆಲ್ಲ ಕಟ್ಟುವವನು ಅವನೇ.

ಬೆಳಗಿನ ಜಾವ ಜೌಗಿನ ಅಂಚಿಗೆ ಹೋಗಿ ತಾಳೆಗರಿ ಕಡಿದು ತರುತ್ತಾನೆ. ಒಂಬತ್ತರವರೆಗೆ ಪೊರಕೆ ಕಟ್ಟುತ್ತಾನೆ. ಆಮೇಲೆ ಸ್ನಾನ ಮಾಡಿ, ಕಪ್ಪುಬಿಳಿ ಹೆಣಿಗೆಯ ಟೊಪ್ಪಿ ಇಟ್ಟುಕೊಂಡು ಹೊರಟನೆಂದರೆ ಸಂಜೆಯವರೆಗೂ ಅವನು ಊರಿನ ನೆಂಟ. ಒಂಬತ್ತೂವರೆಗೆ ಒಂದು ಮನೆ, ಹತ್ತಕ್ಕೆ ಇನ್ನೊಂದು, ಹನ್ನೊಂದಕ್ಕೆ ನಮ್ಮ ಮನೆ. ನಮ್ಮದನ್ನು ಹನ್ನೊಂದಕ್ಕೆ ಇಟ್ಟುಕೊಂಡಿರುವುದು ನನ್ನ ಮುಖ ನೋಡಿಕೊಂಡಲ್ಲ. ಹೆಗ್ಗೆಣಸು ಬೇಯಿಸಿ ಉಪ್ಪು ಚೀಸು ಹಾಕಿ ಮಾಡುವ ಮೋತೆ ನನ್ನ ಕೈಯಲ್ಲಿ ಕುದಿಯುವಷ್ಟು ಚೆನ್ನಾಗಿ ಈ ಸೀಮೆಯಲ್ಲಿ ಯಾರ ಕೈಯಲ್ಲೂ ಕುದಿಯುವುದಿಲ್ಲ. ಆ ವಾಸನೆ ಹನ್ನೊಂದಕ್ಕೆ ಸರಿಯಾಗಿ ಬೀದಿಗೆ ಬರುತ್ತದೆ.

"ಮನೇಲಿ ಜನ ಇದಾರೋ, ಬರೀ ದೆವ್ವಗಳೋ?" ಎಂದು ಬಾಗಿಲಲ್ಲಿ ಕೂಗುತ್ತಾನೆ. ಉತ್ತರಕ್ಕೆ ಕಾಯದೆ ಒಳಗೆ ಬಂದು, ಚರ್ಮದ ಕುರ್ಚಿಯನ್ನು ಗೋಡೆಗೆ ಒರಗಿಸಿ, ಅದರ ಎರಡು ಕಾಲು ಗಾಳಿಯಲ್ಲಿ ತೇಲುವಂತೆ ಕೂರುತ್ತಾನೆ. ಅವನು ಒರಗಿ ಒರಗಿ ನಮ್ಮ ಮಣ್ಣಿನ ಗೋಡೆಯಲ್ಲಿ ಒಂದು ಗುಳಿ ಬಿದ್ದಿದೆ. ಎರಡು ಸಲ ಮೆತ್ತಿಸಿದೆ. ಮತ್ತೆ ಬಿತ್ತು.

ನನ್ನನ್ನು ಅವನು "ಕೊಮಾದ್ರೆ" ಎನ್ನುತ್ತಾನೆ. ಹಾಗೆ ಕರೆಯಬೇಕಾದರೆ ನನ್ನ ಮಗುವನ್ನು ಅವನು ದೀಕ್ಷಾಸ್ನಾನಕ್ಕೆ ಎತ್ತಿಕೊಂಡು, ಇಲ್ಲವೇ ಅದರ ಮದುವೆಗೆ ನಿಂತು, ಧರ್ಮತಂದೆಯಾಗಿರಬೇಕು. ಈ ಊರಿನ ಯಾವ ಮಗುವನ್ನೂ ಅವನ ಕೈಗೆ ಯಾರೂ ಕೊಟ್ಟಿಲ್ಲ. ಆದರೂ ಊರಿನ ಹೆಂಗಸರೆಲ್ಲ ಅವನಿಗೆ ಕೊಮಾದ್ರೆಯರೇ. ನಾನು ಮಾತ್ರ ಬಿಗುಮಾನದಿಂದ "ಸೆನ್ಯೋರ್ ತಿಬೂರ್ಸಿಯೊ" ಎನ್ನುತ್ತಿದ್ದೆ. ಅದಕ್ಕೆ ಪ್ರತಿಯಾಗಿ ಗಂಡಸಿಗೆ ಹೇಳುವ "ಕೊಂಪಾದ್ರೆ" ಎಂದು ಒಮ್ಮೆಯೂ ಬಾಯಿಬಿಟ್ಟು ಕರೆದವಳಲ್ಲ.

ಪೊರಕೆಯನ್ನು ನಾನೂ ಇಟ್ಟು ನೋಡಿದೆ. ಅವನು ಅದನ್ನು ಕಂಡ, ಎದ್ದ, ಹತ್ತಿರ ಹೋಗಿ ಗಂಟು ಮುಟ್ಟಿ ನೋಡಿದ. ನನ್ನ ಎದೆ ಹಗುರಾಯಿತು. ಅವನು ತಿರುಗಿ ಬಂದು ಮತ್ತೆ ಕೂತ.

"ಕೊಮಾದ್ರೆ ಎಲೋದಿಯಾ, ಪೊರಕೆ ಇಡೋ ಕ್ರಮ ಗೊತ್ತಿರೋರು ಊರಲ್ಲಿ ನೀವೊಬ್ರೇ ನೋಡಿ. ಗರಿ ಮೇಲೆ ಮಾಡಿ ಇಟ್ರೆ ತುದಿ ಬಾಗಲ್ಲ, ಎರಡು ವರ್ಷ ಜಾಸ್ತಿ ಬಾಳುತ್ತೆ. ಆದ್ರೆ ಉಪ್ಪು ಯಾಕೆ ಹಾಕಿದೀರಿ? ಇರುವೆ ಕಾಟಾನಾ?"

"ಹೂಂ, ಇರುವೆ," ಎಂದೆ. "ಒಂದೇ ಇರುವೆ. ಆದ್ರೆ ಭಾರಿ ದೊಡ್ಡದು."

"ಅಂಥವು ಉಪ್ಪಿಗೆ ಹೋಗಲ್ಲ ಬಿಡಿ," ಎಂದು ಅವನು ಮೋತೆಯ ಪಾತ್ರೆಯ ಕಡೆ ಕಣ್ಣು ಹಾಯಿಸಿದ.

ನನ್ನ ಗಂಡ ಎವಾರಿಸ್ತೊ ಆ ರಾತ್ರಿ ಜೋಲಿಯಲ್ಲಿ ಮಲಗಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅವನ ಪೊರಕೆ ತೋರಿಸಿ ಅವನನ್ನೇ ಓಡಿಸ್ತೀಯಾ? ನಾಯಿಗೆ ಅದರ ಬಾಲ ತೋರಿಸಿ ಹೆದರಿಸಿದಂಗಾಯ್ತು."

ತಿಬೂರ್ಸಿಯೊ ಪೆದ್ದ ಎಂದು ಕೆಲವರು, ದಪ್ಪ ಚರ್ಮದವನು ಎಂದು ಕೆಲವರು. ಅವನ ಹರೆಯದ ಕಥೆ ಎರಡೂ ಪಕ್ಷದವರಿಗೆ ಬಾಯಿಪಾಠ. ಅರೋಯೊ ಮಾನ್ಸೊ ಎಂಬ ಹಳ್ಳಿಯ ಒಬ್ಬ ಹುಡುಗಿಯ ಮನೆಗೆ ಅವನು ಪ್ರತಿ ಭಾನುವಾರ ಕತ್ತೆ ಏರಿ ಹೋಗುತ್ತಿದ್ದ. ಹನ್ನೊಂದು ವರ್ಷ ಹೋದ, ಕೂತ, ಕಾಫಿ ಕುಡಿದ, ಬಂದ. ಕೇಳಬೇಕಾದ ಮಾತನ್ನು ಮಾತ್ರ ಕೇಳಲಿಲ್ಲ. ಕೊನೆಗೆ ಅವಳನ್ನು ಒಬ್ಬ ದನದ ವ್ಯಾಪಾರಿ ಮದುವೆಯಾದ. ಕೂರುವುದರಲ್ಲಿ ಮೈಮರೆತು ಬಂದ ಕೆಲಸವನ್ನೇ ಮರೆತ ಎಂದು ಊರೆಲ್ಲ ಆಡಿಕೊಂಡು ನಕ್ಕಿತು. ನಾನೂ ನಕ್ಕಿದ್ದೇನೆ, ಸುಳ್ಳೇಕೆ ಹೇಳಲಿ.

ಈಗ ನನ್ನ ಮಗಳು ನೆವಿಸ್‌ಳ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆತನದಲ್ಲಿ ಮುಂಬಾಗಿಲಿನಿಂದ ಮದುವೆಯಾಗಿ ಹೋದ ಹೆಣ್ಣು ಒಬ್ಬಳೂ ಇಲ್ಲ. ಅಜ್ಜಿ ಹಿತ್ತಿಲಿನಿಂದ ಕುದುರೆ ಏರಿ ಹೋದಳು. ಅಮ್ಮ ಬೇಲಿ ಹಾರಿದಳು. ನಾನು ಹದಿನೇಳನೆಯ ವಯಸ್ಸಿಗೆ ಅಡುಗೆಮನೆಯ ಕಿಟಕಿಯಿಂದ ಎವಾರಿಸ್ತೊನ ಹೆಗಲ ಮೇಲೆ ಇಳಿದೆ. ಒಂದು ಚಪ್ಪಲಿ ಒಳಗೇ ಬಿತ್ತು. ಅಮ್ಮ ಸಾಯುವವರೆಗೂ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು, ನನಗೆ ಆಗಾಗ ತೋರಿಸಲು. ನಮ್ಮ ಕಡೆ ಅರ್ಧಕ್ಕರ್ಧ ಮದುವೆಗಳು ಹೀಗೇ ಆಗುವುದು, ಯಾರೂ ಸಾಯುವುದಿಲ್ಲ. ಆದರೆ ನನ್ನ ಮಗಳನ್ನು ಒಬ್ಬರು ಹಗಲು ಹೊತ್ತಿನಲ್ಲಿ, ಬಾಯಿಬಿಟ್ಟು, ಕುರ್ಚಿಯಲ್ಲಿ ಕೂತು ಕೇಳಬೇಕೆಂಬುದು ನನ್ನ ಹಟವಾಗಿತ್ತು.

ಹಾಗೆ ಕೇಳುವವರು ಸಿಕ್ಕರು. ನೆವಿಸ್ ಆರೋಗ್ಯ ಕೇಂದ್ರದಲ್ಲಿ ಸೂಜಿ ಚುಚ್ಚುವವಳು. ಜೌಗಿನ ಆಚೆ ಭತ್ತ ಬೆಳೆಯುವ ಮನೆಯ ವಿಲ್ಮರ್ ಇಲ್ಲದ ಜ್ವರಕ್ಕೆ ಅವಳ ಕೈಯಲ್ಲಿ ನಾಲ್ಕು ಸೂಜಿ ಚುಚ್ಚಿಸಿಕೊಂಡ ಮೇಲೆ ವಿಷಯ ಎಲ್ಲರಿಗೂ ತಿಳಿಯಿತು. ಅವನ ತಾಯಿ ದೋನ್ಯಾ ಬೆತ್ಸಾಬೆ ಈ ಬಿಸಿಲಿನಲ್ಲೂ ಕಾಲುಚೀಲ ಹಾಕುವ ಹೆಂಗಸು. ಆಕೆ ಹೇಳಿಕಳಿಸಿದಳು: ಭಾನುವಾರ ಹನ್ನೊಂದಕ್ಕೆ ಗಂಡನೊಂದಿಗೆ ಬಂದು ಹುಡುಗಿಯನ್ನು ಕೇಳುತ್ತೇವೆ.

ಹನ್ನೊಂದಕ್ಕೆ! ನನ್ನ ಜೀವ ಬಾಯಿಗೆ ಬಂತು. ಭಾನುವಾರ ಒಂದು ದಿನ ಬರಬೇಡ ಎಂದು ತಿಬೂರ್ಸಿಯೊನಿಗೆ ಹೇಳಿ ಬನ್ನಿ ಎಂದು ಎವಾರಿಸ್ತೊನನ್ನು ಅಟ್ಟಿದೆ. ಎರಡು ಗಂಟೆ ಕಳೆದು ಬಂದ.

"ಹೇಳಿದ್ರಾ?"

"ಬಾಯಿ ಬರಲಿಲ್ಲ ಕಣೇ. ಹೊಸ ಪೊರಕೆ ತಂದೆ."

ಭಾನುವಾರ ನೆರೆಮನೆಯಿಂದ ತಂದ ತೂಗುಕುರ್ಚಿಗಳನ್ನು ಸಾಲಾಗಿ ಇಟ್ಟೆ. ಎರಡು ಕೋಳಿ ಬೇಯುತ್ತಿದ್ದವು. ಹತ್ತೂವರೆಗೇ ತಿಬೂರ್ಸಿಯೊ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ದೋನ್ಯಾ ಬೆತ್ಸಾಬೆಗೆಂದು ದಿಂಬು ಹಾಕಿಟ್ಟಿದ್ದ ಕುರ್ಚಿಯಲ್ಲೇ ಕೂತ.

"ಸೆನ್ಯೋರ್ ತಿಬೂರ್ಸಿಯೊ, ಇವತ್ತು ನಮ್ಮನೆಗೆ ನೆಂಟರು ಬರೋರಿದಾರೆ," ಎಂದೆ, ಒಂದೊಂದು ಅಕ್ಷರವನ್ನೂ ಒತ್ತಿ.

"ಒಳ್ಳೇದಾಯ್ತು ಕೊಮಾದ್ರೆ. ಒಬ್ಬನೇ ಕೂತ್ಕೊಂಡು ಬೇಜಾರಾಗ್ತಿತ್ತು."

ಮೈ ಉರಿದು ಹೋಯಿತು. ಹೊಸ ಪೊರಕೆಯನ್ನು ತಲೆಕೆಳಗೆ ಮಾಡಿ ಮುಂಬಾಗಿಲ ಹಿಂದೆ ಕುಕ್ಕಿದೆ. ಚಿಟಿಕೆ ಸಾಲದೆಂದು ಒಂದು ಹಿಡಿ ಉಪ್ಪನ್ನೇ ಸುರಿದೆ. ಅಷ್ಟರಲ್ಲಿ ಬೀದಿಯಲ್ಲಿ ಜೀಪು ನಿಂತಿತು. ಕಾಲುಚೀಲ ಮೊದಲು ಇಳಿಯಿತು, ಅದರ ಹಿಂದೆ ಗಂಡ ಒನೆಸಿಮೊ, ಅವನ ಹಿಂದೆ ಬೆವರುತ್ತ ವಿಲ್ಮರ್. ಬನ್ನಿ ಕೂತ್ಕೊಳ್ಳಿ ಎನ್ನುವ ಗಡಿಬಿಡಿಯಲ್ಲಿ ಪೊರಕೆ ನನಗೆ ಸಂಪೂರ್ಣ ಮರೆತುಹೋಯಿತು.

ತಿಬೂರ್ಸಿಯೊ ದಿಂಬಿನ ಕುರ್ಚಿ ಬಿಟ್ಟುಕೊಟ್ಟು ತನ್ನ ಗುಳಿಗೆ ಹೋಗಿ ಒರಗಿದ. ಅಷ್ಟರಮಟ್ಟಿಗೆ ಪುಣ್ಯ. ಕಾಫಿ ಆಯಿತು. ಮಳೆ, ಭತ್ತ, ಹೆಗ್ಗೆಣಸು ಎಲ್ಲ ಮಾತಾಯಿತು. ಮಾತೇ ಆಡದ ಒನೆಸಿಮೊ ಟೊಪ್ಪಿ ತೆಗೆದು, ಗಂಟಲು ಸರಿಮಾಡಿಕೊಂಡು, "ನಾವು ಬಂದಿದ್ದು ಯಾಕಂದ್ರೆ..." ಎಂದು ಶುರುಮಾಡಿದ. ನಾನು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲಿಟ್ಟುಕೊಂಡೆ. ಮೂರು ತಲೆಮಾರಿನ ಆಸೆ, ಇನ್ನು ನಾಲ್ಕೇ ಮಾತಿನ ದೂರ.

ಆಗ ನನ್ನ ಗಂಡನಿಗೆ ಮರ್ಯಾದೆ ಉಕ್ಕಿತು. ದೋನ್ಯಾ ಬೆತ್ಸಾಬೆಯ ಮುಖಕ್ಕೆ ಬಿಸಿಲು ಬೀಳುತ್ತಿದೆಯೆಂದು ಎದ್ದು, ಮುಂಬಾಗಿಲನ್ನು ಅರ್ಧ ಎಳೆದ.

ಬಾಗಿಲ ಹಿಂದಿದ್ದ ಪೊರಕೆ ಎಲ್ಲರ ಕಣ್ಣೆದುರು ಒಂದು ಗಳಿಗೆ ನಿಂತು, ಆಮೇಲೆ ನಿಧಾನವಾಗಿ ವಾಲಿ, ದೋನ್ಯಾ ಬೆತ್ಸಾಬೆಯ ಕಾಲುಚೀಲದ ಮೇಲೆ ಉಪ್ಪು ಚೆಲ್ಲುತ್ತ ಬಿತ್ತು.

ಆಕೆ ಪೊರಕೆ ನೋಡಿದಳು. ಉಪ್ಪು ನೋಡಿದಳು. ನನ್ನನ್ನು ನೋಡಿದಳು.

"ಒನೆಸಿಮೊ, ಏಳಿ. ಇವರು ಹೇಳೋದನ್ನ ಹೇಳಿಬಿಟ್ಟಿದಾರೆ. ಒಂದು ಹಿಡಿ ಉಪ್ಪು! ನಮ್ಮೂರಲ್ಲಿ ಸಾಲ ವಸೂಲಿಗೆ ಬಂದೋರಿಗೂ ಇಷ್ಟು ಹಾಕಲ್ಲ."

"ಅಯ್ಯೋ ದೋನ್ಯಾ, ಅದು..." ಎಂದೆ. ಮುಂದೆ ಏನೆನ್ನಲಿ? ಪೊರಕೆ ಯಾರಿಗೆಂದು ಹೇಳಿದರೆ ಅಲ್ಲೇ ಕೂತಿರುವ ಮನುಷ್ಯನ ಮುಖಕ್ಕೆ ಹೊಡೆದಂತೆ. ಹೇಳದಿದ್ದರೆ ಮಗಳಿಗೆ ಮತ್ತೆ ಕಿಟಕಿಯೇ ಗತಿ. ನೆವಿಸ್‌ಳ ಮುಖ ಬಿಳಿಚಿಕೊಂಡಿತ್ತು. ಅಷ್ಟರಲ್ಲಿ ಎದ್ದದ್ದು ತಿಬೂರ್ಸಿಯೊನ ದನಿ.

"ಕೂತ್ಕೊಳ್ಳಿ ದೋನ್ಯಾ. ಆ ಪೊರಕೆ ನಿಮಗಲ್ಲ. ಅದು ನನ್ನದು."

"ನಿಮ್ಮದಂದ್ರೆ?"

"ನಾನೇ ಕಟ್ಟಿದ್ದು, ನನಗೇ ಇಟ್ಟಿದ್ದು. ಮೂವತ್ತು ವರ್ಷದಿಂದ ಈ ಊರಲ್ಲಿ ಬಾಗಿಲ ಹಿಂದೆ ತಲೆಕೆಳಗಾಗಿ ನಿಂತಿರೋ ಪೊರಕೆಯೆಲ್ಲ ನನಗೇ. ಬೇಕಾದ್ರೆ ಬೀದೀಲಿ ಯಾರನ್ನಾದ್ರೂ ಕೇಳಿ."

ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೆ ಅನ್ನಿಸಿತು. ಗೊತ್ತಿತ್ತು! ಇರುವೆಯ ವಿಷಯ ಕೇಳಿದ ದಿನವೂ ಅವನಿಗೆ ಎಲ್ಲ ಗೊತ್ತಿತ್ತು.

ದೋನ್ಯಾ ಬೆತ್ಸಾಬೆ ಬಿಡುವ ಹೆಂಗಸಲ್ಲ. "ಗೊತ್ತಿದ್ದೂ ಏಳಲ್ಲ ಅಂದ್ರೆ ನಿಮಗೆ ಮಾನ ಇಲ್ವೇನ್ರಿ?"

"ಒಂದು ಸಲ ಎದ್ದಿದ್ದೆ ದೋನ್ಯಾ," ಎಂದ ಅವನು, ಟೊಪ್ಪಿಯ ಅಂಚನ್ನು ತಿರುವುತ್ತ. "ಅರೋಯೊ ಮಾನ್ಸೊದಲ್ಲಿ. ಕೇಳೋಕೆ ಹನ್ನೊಂದು ವರ್ಷ ಧೈರ್ಯ ಬಂದಿರಲಿಲ್ಲ, ಆವತ್ತು ಬಂದಿತ್ತು. ಅಂಗೀಗೆ ಇಸ್ತ್ರಿ ಮಾಡಿಸಿದ್ದೆ. ಕಾಫಿ ಕುಡೀತಾ ನೋಡ್ತೀನಿ, ಬಾಗಿಲ ಹಿಂದೆ ಪೊರಕೆ. ನನ್ನದೇ ಗಂಟು. ಲೋಟ ಕೆಳಗಿಟ್ಟೆ, ಬಂದ್ಬಿಟ್ಟೆ. ಮತ್ತೆ ಹೋಗಲಿಲ್ಲ. ಎರಡು ವರ್ಷ ಆದ್ಮೇಲೆ ಅವಳ ತಾಯಿ ಸಂತೇಲಿ ಸಿಕ್ಕಿ, ಯಾಕಪ್ಪಾ ಬರೋದು ಬಿಟ್ಟೆ, ಹುಡುಗಿ ಕಾದೂ ಕಾದೂ ಇನ್ನೊಬ್ಬನ್ನ ಒಪ್ಕೊಂಡ್ಳು ಅಂದ್ರು. ಪೊರಕೆ ಕಂಡೆನಲ್ಲ ಅಂದೆ. ಅಂಗಳ ತೊಳೆದು ಒದ್ದೆ ಆಗಿತ್ತು, ಒಣಗೋಕೆ ನಿಲ್ಲಿಸಿದ್ವಿ ಅಂದ್ರು."

"ಅದರ ಮೇಲೆ ಉಪ್ಪಿತ್ತಾ?" ಎಂದಳು ದೋನ್ಯಾ ಬೆತ್ಸಾಬೆ. ಅವಳ ದನಿ ಸಣ್ಣದಾಗಿತ್ತು.

"ಉಪ್ಪು ಇದೆಯಾ ಅಂತ ನೋಡೋಷ್ಟು ಹೊತ್ತು ನಾನು ನಿಲ್ಲಲಿಲ್ಲ, ದೋನ್ಯಾ. ಅದಕ್ಕೇ ಆವತ್ತಿಂದ ಪೊರಕೆ ನೋಡಿ ಏಳೋದು ಬಿಟ್ಟೆ. ಇವತ್ತು ಏಳ್ತೀನಿ. ನೀವು ಕೂತ್ಕೊಳ್ಳಿ."

ಬಿದ್ದ ಪೊರಕೆಯನ್ನು ಎತ್ತಿ, ಉಪ್ಪು ಕೊಡವಿ, ಗರಿ ಕೆಳಗೆ ಮಾಡಿ ಮೂಲೆಗೆ ನಿಲ್ಲಿಸಿದ. ಟೊಪ್ಪಿ ಹಾಕಿಕೊಂಡ. ಒಳಗಿನಿಂದ ಕೋಳಿಸಾರಿನ ಪರಿಮಳ ಬರುತ್ತಿದ್ದರೂ ಊಟಕ್ಕೆ ನಿಲ್ಲದೆ ಹೊರಟುಹೋದ. ಅವನ ಬೆನ್ನನ್ನು ಹನ್ನೆರಡು ಗಂಟೆಗೆ ಮೊದಲು ನಾನು ನೋಡಿದ್ದು ಅದೇ ಮೊದಲು.

ದೋನ್ಯಾ ಬೆತ್ಸಾಬೆ ಕೂತಳು. ಕಾಲುಚೀಲದಿಂದ ಉಪ್ಪು ಒರೆಸಿಕೊಂಡು, "ಮುಂದೆ ಹೇಳ್ರಿ ಒನೆಸಿಮೊ," ಎಂದಳು. ಒನೆಸಿಮೊ ಹೇಳಿದ. ಹೆಗ್ಗೆಣಸು ಕಿತ್ತ ಮೇಲೆ ಜನವರಿಯಲ್ಲಿ ಮದುವೆಯೆಂದು ನಿಶ್ಚಯವಾಯಿತು. ವಿಲ್ಮರ್ ಮೂರು ಸಲ ಬಡಿಸಿಕೊಂಡ. ನನ್ನ ಪಾಲಿನ ಅನ್ನ ಮಾತ್ರ ಹಿತ್ತಿಲ ಕೋಳಿಗಳಿಗೆ ಹೋಯಿತು.

ಸೋಮವಾರ ಹನ್ನೊಂದಾಯಿತು, ಅವನು ಬರಲಿಲ್ಲ. ಮಂಗಳವಾರವೂ ಇಲ್ಲ. ಕೈಗೆ ಅಭ್ಯಾಸ ತಪ್ಪದೆ ಒಂದು ಲೋಟ ಕಾಫಿ ಹೆಚ್ಚಿಗೆ ಬಸಿಯುತ್ತಿದ್ದೆ. ಬುಧವಾರ ಎವಾರಿಸ್ತೊ ಬೇಸರಕ್ಕೆ ತಾನೇ ಕುರ್ಚಿಯನ್ನು ಆ ಗುಳಿಗೆ ಒರಗಿಸಲು ಹೋಗಿ ಅಂಗಾತ ಬಿದ್ದ. ಯಾವ ಮನೆಗೂ ಅವನು ಹೋಗುತ್ತಿಲ್ಲವಂತೆ. ಊರಿನ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು, ಪೀಡೆ ತೊಲಗಿತು ಎನ್ನುತ್ತಲೇ ಬೀದಿಯ ಆ ತುದಿ ನೋಡುತ್ತಿದ್ದರು.

ಗುರುವಾರ ಪಾತ್ರೆ ತುಂಬ ಮೋತೆ ತೆಗೆದುಕೊಂಡು ಜೌಗಿನ ಅಂಚಿನ ಅವನ ಮನೆಗೆ ನಾನೇ ಹೋದೆ. ಪೊರಕೆ ಕೊಳ್ಳಲು ಬಂದವರೆಲ್ಲ ಅಂಗಳದಿಂದಲೇ ಹಿಂತಿರುಗುವವರು; ಮೂವತ್ತು ವರ್ಷದಲ್ಲಿ ಅವನ ಹೊಸ್ತಿಲು ತುಳಿದವರಲ್ಲಿ ನಾನೇ ಮೊದಲಿರಬೇಕು.

"ಮನೇಲಿ ಜನ ಇದಾರೋ, ಬರೀ ದೆವ್ವಗಳೋ?" ಎಂದೆ.

ಅವನು ಗಾಬರಿಯಿಂದ ಅಂಗಿ ತಿರುವುಮುರುವು ತೊಟ್ಟುಕೊಂಡು ಬಂದ. ಊರೆಲ್ಲ ಕೂತು ಬಂದ ಮನುಷ್ಯನಿಗೆ, ಬಂದವರನ್ನು ಕೂರಿಸುವುದು ಹೇಗೆಂದು ತಿಳಿಯದು. ಒಂದು ಕುರ್ಚಿಯನ್ನು ಅಲ್ಲಿಗೆ ಎಳೆದ, ಇಲ್ಲಿಗೆ ಎಳೆದ, ಕೊನೆಗೆ ಅದನ್ನು ಎತ್ತಿಕೊಂಡೇ ನಿಂತ. ನಾನು ಕಿತ್ತುಕೊಂಡು ಕೂತೆ. ಆಗ ಕಣ್ಣಿಗೆ ಬಿತ್ತು. ಬಾಗಿಲ ಹಿಂದೆ, ಗೋಡೆಯುದ್ದಕ್ಕೂ, ಮೂಲೆಯಿಂದ ಮೂಲೆಗೆ, ಐವತ್ತಕ್ಕೆ ಕಡಿಮೆಯಿಲ್ಲದ ಪೊರಕೆಗಳು, ಎಲ್ಲವೂ ಗರಿ ಮೇಲಾಗಿ ನಿಂತಿದ್ದವು.

ನಾನು ನೋಡುತ್ತಿರುವುದನ್ನು ಕಂಡು ಅವನ ಮುಖ ಇಳಿಯಿತು. "ಅಯ್ಯೋ ಕೊಮಾದ್ರೆ, ಒಣಗೋಕೆ ಇಟ್ಟಿರೋದು! ದೇವರಾಣೆ ನಿಮಗಲ್ಲ..."

ನಾನು ಕುರ್ಚಿಯನ್ನು ಗೋಡೆಗೆ ಒರಗಿಸಿ, ಎರಡು ಕಾಲು ಗಾಳಿಗೆ ಬಿಟ್ಟೆ.

"ನೀವೇ ನೆವಿಸ್ ಮದುವೆಗೆ ಧರ್ಮತಂದೆಯಾಗಿ ನಿಲ್ಲಬೇಕು. ಒಪ್ಕೊಳ್ಳೋವರೆಗೂ ನಾನು ಇಲ್ಲಿಂದ ಏಳೋಳಲ್ಲ," ಎಂದೆ. "ಬೇಕಾದ್ರೆ ಉಪ್ಪು ಹಾಕ್ಕೊಳ್ಳಿ, ಕೊಂಪಾದ್ರೆ."