ಚಿನ್ನದ ಬಣ್ಣದ ಕೂಸು

ಗೆಳೆಯರೇ, ನಮ್ಮ ಜನರ ಬಣ್ಣದ ಹುಚ್ಚು ಹಸುಗೂಸನ್ನೂ ಬಿಡುವುದಿಲ್ಲ. ಅಕ್ಕನ ಮಗಳು ಹೆತ್ತಿದ್ದಾಳೆಂದು ಇವತ್ತು ಬೆಳಿಗ್ಗೆ ನರಿಕೊಂಬಿಗೆ ಹೋದರೆ, ನೆಂಟರೆಲ್ಲ ತೊಟ್ಟಿಲು ಸುತ್ತುವರಿದು ಹಾಡಿ ಹೊಗಳುತ್ತಿದ್ದರು.

“ನೋಡು ಮಾರಾಯ, ಚಿನ್ನದ ಬಣ್ಣ! ನಮ್ಮ ಕುಟುಂಬದಲ್ಲಿ ಬೇರೆ ಯಾರಿಗುಂಟು?” ಎಂದು ಅಕ್ಕ ಬೀಗಿದಳು.

ಕೂಸಿನ ಕಣ್ಣಿನ ಬಿಳಿಯೂ ಹಳದಿ, ಅಂಗಾಲೂ ಹಳದಿ. ಎಷ್ಟು ಎಬ್ಬಿಸಿದರೂ ಹಾಲಿಗೆ ಏಳುತ್ತಿಲ್ಲವೆಂದು ಬಾಣಂತಿ ಮೆಲ್ಲಗೆ ಹೇಳಿದಳು.

“ಇದು ಬಣ್ಣ ಅಲ್ಲ, ಕಾಮಾಲೆ! ಏಳಿ, ಆಸ್ಪತ್ರೆಗೆ ಹೋಗುವ,” ಎಂದು ಕೂಗಾಡಿದೆ.

“ಬಂದ ಕೂಡಲೇ ನಿನ್ನ ಚಳವಳಿ ಶುರುವಾಯ್ತಾ? ಮಗುವಿಗೆ ದೃಷ್ಟಿ ಹಾಕಬೇಡ,” ಎಂದು ಗದರಿದ ಅಕ್ಕನೇ ಎಲ್ಲರಿಗಿಂತ ಮೊದಲು ರಿಕ್ಷಾ ಹತ್ತಿ ಕೂತಳು.

ಬಂಟ್ವಾಳದ ಮಕ್ಕಳ ಡಾಕ್ಟರು ರಕ್ತಪರೀಕ್ಷೆ ಮಾಡಿಸಿ ಹೇಳಿದರು: “ಹೆಚ್ಚಿನ ಮಕ್ಕಳಿಗೆ ಇದು ಬಂದು ತಾನಾಗಿಯೇ ಹೋಗ್ತದೆ. ಆದರೆ ಈ ಮಗುವಿನ ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ಅಂಶ ತುಂಬಾ ಏರಿದೆ. ಅದು ಮೆದುಳಿಗೆ ಹೊಕ್ಕರೆ ಕಿವಿ ಕೇಳದೆ ಹೋಗಬಹುದು, ಕೈಕಾಲು ಹತೋಟಿ ತಪ್ಪಬಹುದು. ಹೊತ್ತಿಗೆ ಸರಿಯಾಗಿ ತಂದಿರಿ.”



ಕಣ್ಣಿಗೆ ಪಟ್ಟಿ ಕಟ್ಟಿ ಕೂಸನ್ನು ಆ ಹಳದಿ ಇಳಿಸುವ ನೀಲಿ ಬೆಳಕಿನಡಿ ಮಲಗಿಸಿದರು. ಸಂಜೆ ಅದು ತಾನಾಗಿ ಎದ್ದು, ಹಾಲು ಕುಡಿದು, ಇನ್ನೂ ಬೇಕೆಂದು ಆಸ್ಪತ್ರೆಯೇ ಹಾರಿಹೋಗುವಂತೆ ಅತ್ತಿತು. ಗಟ್ಟಿ ಗಂಟಲು, ನಮ್ಮ ವಂಶದ್ದೇ! ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನರ್ಸಿನ ಬೆನ್ನು ಹತ್ತಿದ್ದಾಳೆ: “ಸಿಸ್ಟರ್, ನಮ್ಮ ಕಪ್ಪು ಬಣ್ಣ ಯಾವಾಗ ವಾಪಸು ಬರ್ತದೆ?”

ಬಣ್ಣದ ಹುಚ್ಚು ಬಿಡಿ ಎಂಬ ನನ್ನ ಯಾವ ಭಾಷಣಕ್ಕೂ ಜಗ್ಗದಿದ್ದ ಹೆಂಗಸು ಇವಳು.