ಇಕ್ಕಳ ಬಿಚ್ಚಿದ ಬಾಗಿಲು

ಗ್ಯಾರೇಜುಗಳ ಸಾಲಿನಲ್ಲಿ ಎಲ್ಲರೂ ಅವನನ್ನು ಇಕ್ಕಳ ಎಂದೇ ಕರೆಯುತ್ತಿದ್ದರು. ಉದ್ದನೆಯ ತೆಳು ಬೆರಳುಗಳು. ಬೇರೆಯವರ ಕೈ ಹೋಗದ ಸಂದಿಗೆ ಅವನ ಎರಡು ಬೆರಳು ಹೋಗಿ, ಒಳಗೆ ಬಿದ್ದ ನಟ್ಟನ್ನು ಕಚ್ಚಿಕೊಂಡು ಬರುತ್ತಿದ್ದವು. ಮೂವತ್ತು ವರ್ಷದಿಂದ ಹಳೆಯ ಕಾರುಗಳ ರಿಪೇರಿಯೇ ಅವನ ಕಸುಬು. ಕಂಪನಿಯವರು ಕೈಬಿಟ್ಟ ಮಾಡೆಲ್ಲುಗಳಿಗೆ ಗುಜರಿ ಅಂಗಳಗಳಲ್ಲಿ ಹುಡುಕಿ ಬಿಡಿಭಾಗ ತಂದು ಕೂರಿಸುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಬಾಗಿಲಿನ ಒಳಹಲಗೆ ತೆಗೆಯುವಾಗ ಒಂದೇ ಒಂದು ಪ್ಲಾಸ್ಟಿಕ್ ಕ್ಲಿಪ್ಪೂ ಮುರಿಯುವುದಿಲ್ಲ ಎಂಬುದು ಅವನ ಹೆಮ್ಮೆ. ಆ ಹೆಮ್ಮೆಯನ್ನು ಅವನು ಮುಚ್ಚಿಟ್ಟುಕೊಂಡವನೂ ಅಲ್ಲ.

ಅವನಿಗೆ ಒಬ್ಬಳೇ ಮಗಳು. ಅವಳನ್ನು ಕೊಟ್ಟದ್ದು ಓದಿದವರ ಮನೆಗೆ. ಬೀಗರು, ಅಳಿಯನ ತಂದೆ, ಸರ್ವೆ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಮೆಲ್ಲಗೆ ಮಾತಾಡುವವರು, ಬನಿಯನ್ನಿಗೂ ಇಸ್ತ್ರಿ ಹಾಕುವವರು. ಅವರ ಮನೆಗೆ ಹೋದಾಗಲೆಲ್ಲ ಇಕ್ಕಳ ಉಗುರಿನ ಕಪ್ಪು ಕಾಣದಂತೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದ. ಮಾತು ಬಂದರೆ ಪತ್ರಿಕೆಯದ್ದು, ಇಲ್ಲವೇ ಅಳಿಯನ ಆಫೀಸಿನದ್ದು. ಅವನು "ಹೌದು ಹೌದು" ಅನ್ನುವುದರಲ್ಲೇ ಊಟ ಮುಗಿಯುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಬೀಗರ ಕಾರಿನ ಎಡಗಡೆಯ ಹಿಂದಿನ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು ಕಂಡಿತು.

"ಗಾಜು ಬಾಗಿಲೊಳಗೆ ಕುಸಿದುಬಿಟ್ಟಿದೆ," ಅಂದರು ಬೀಗರು. "ಗಾಜು ಏರಿಸೋ ಮಷೀನು ಹೋಗಿದೆಯಂತೆ. ಈ ಮಾಡೆಲ್ಲಿಗೆ ಈಗ ಅದು ಬರೋದೇ ಇಲ್ಲ ಅಂದ್ರು ಕಂಪನಿಯವರು. ಇರ್ಲಿ ಬಿಡಿ, ಹಾಳೆ ಹಾಕ್ಕೊಂಡು ಓಡಾಡ್ತೀವಿ."

ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತನಗೇ ಗೊತ್ತಿರುವ ವಿಷಯವೊಂದು ಮೊದಲ ಸಲ ಎದುರಾಗಿತ್ತು. ಇಕ್ಕಳ ತೊಡೆಯ ಕೆಳಗಿನಿಂದ ಕೈ ಹೊರತೆಗೆದ.

"ಬರಲ್ಲ ಅಂತ ಯಾರಂದ್ರು? ಒಂದು ವಾರ ಕೊಡಿ ಬೀಗರೇ. ತಂದು ಕೂರಿಸ್ಲಿಲ್ಲ ಅಂದ್ರೆ ನನ್ನನ್ನ ಇಕ್ಕಳ ಅಂತ ಕರೀಲೇಬೇಡಿ!"

ಬೀಗರು ಅವನನ್ನು ಯಾವತ್ತೂ ಹಾಗೆ ಕರೆದವರಲ್ಲ. ಬಡಿಸುತ್ತಿದ್ದ ಮಗಳು ತಲೆ ಎತ್ತಲಿಲ್ಲ.

ಒಂದು ವಾರ ಹೋಗಿ ನಾಲ್ಕು ವಾರವಾಯಿತು. ಮೊದಲನೆಯ ಗುಜರಿಯಲ್ಲಿ ಅದೇ ಮಾಡೆಲ್ಲಿನ ಎರಡು ಕಾರುಗಳಿದ್ದವು. ಎರಡರ ಬಾಗಿಲನ್ನೂ ಯಾರೋ ಮೊದಲೇ ಬಗೆದು ಖಾಲಿ ಮಾಡಿದ್ದರು. ಎರಡನೆಯದರಲ್ಲಿ ಬಾಗಿಲು ಇಡಿಯಾಗಿತ್ತು, ಅರ್ಧ ದಿನ ತುಕ್ಕು ಹಿಡಿದ ಸ್ಕ್ರೂಗಳ ಜೊತೆ ಗುದ್ದಾಡಿ ಬಿಚ್ಚಿದ. ನೋಡಿದರೆ ಕೈಯಲ್ಲಿ ತಿರುಗಿಸುವ ಹಳೆಯ ನಮೂನೆ. ಇನ್ನೊಂದು ಕಡೆ ಮಷೀನು ಸರಿಯಾದದ್ದೇ ಸಿಕ್ಕಿತು, ಆದರೆ ಬಲಗಡೆಯದು. ಕನ್ನಡಿಯಲ್ಲಿ ನೋಡಿದರೆ ಮಾತ್ರ ಕೂರುತ್ತಿತ್ತು. ಮತ್ತೊಂದು ಅಂಗಳದಲ್ಲಿ ಬೇಕಾದ ಕಾರು ಮೂರು ಕಾರುಗಳ ಅಡಿಯಲ್ಲಿತ್ತು. ಕ್ರೇನಿನವನು ರಜೆ, ಸೋಮವಾರ ಬಾ ಅಂದರು. ಸೋಮವಾರ ಹೋದರೆ ಆ ಕಾರು ಸೂಟ್‌ಕೇಸಿನಷ್ಟಾಗಿ ಲಾರಿಯ ಮೇಲೆ ಕೂತಿತ್ತು. ಕೊನೆಗೆ ಎಡಗಡೆಯದೇ, ಮೋಟರಿನದೇ, ಒಂದು ಸಿಕ್ಕಿತು. ಗ್ಯಾರೇಜಿಗೆ ತಂದು ಬ್ಯಾಟರಿಗೆ ತಾಗಿಸಿದ. ಉಸಿರೇ ಇಲ್ಲ. ಗುಜರಿಯಲ್ಲಿ ಕೊಂಡದ್ದನ್ನು ವಾಪಸ್ ತಗೊಳ್ಳುವವರು ಯಾರು?

ಪ್ರತಿ ಸಂಜೆ ಅಂಗೈ ತರಚಿಕೊಂಡು ಮನೆಗೆ ಬರುತ್ತಿದ್ದ. "ಸಿಗ್ಲಿಲ್ಲ ಅಂತ ಹೇಳಿಬಿಡಿ, ಅದರಲ್ಲೇನು?" ಅಂದಳು ಹೆಂಡತಿ. ಅವನು ಉರಿದುಬಿದ್ದ. ಬೀಗರಂತೂ ಫೋನಿನಲ್ಲಿ ಒಂದು ದಿನವೂ ಒತ್ತಾಯ ಮಾಡಲಿಲ್ಲ. "ತೊಂದರೆ ತಗೋಬೇಡಿ, ಹಾಳೆ ಗಟ್ಟಿಯಾಗೇ ಇದೆ," ಎನ್ನುತ್ತಿದ್ದರು. ಆ ಮೆತ್ತನೆಯ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಐದನೆಯ ವಾರ, ಅವನು ವರ್ಷಗಟ್ಟಲೆ ವ್ಯವಹಾರ ಇಟ್ಟುಕೊಂಡಿದ್ದ ಗುಜರಿಯ ಯಜಮಾನ ತೂಕದ ಯಂತ್ರದ ಪಕ್ಕದಿಂದಲೇ ಕೂಗಿದ: "ಲೋ ಇಕ್ಕಳ, ನೀನು ಕೇಳ್ತಿದ್ದ ಮಾಡೆಲ್ಲು ಒಂದು ಬಂದಿದೆ. ಹಿಂದಿನ ಗೋಡೆ ಹತ್ರ. ಹೋಗಿ ನೋಡ್ಕೋ."

ಓಡಿದಂತೆಯೇ ಹೋದ. ಗೋಡೆಗೆ ಒರಗಿದ್ದ ಕಾರಿಗೆ ನಾಲ್ಕು ಬಾಗಿಲೂ ಇರಲಿಲ್ಲ. ಇಕ್ಕಳ ಅಲ್ಲೇ ಬಿದ್ದಿದ್ದ ಟಯರಿನ ಮೇಲೆ ಕುಸಿದು ಕೂತ. ತಲೆ ಎತ್ತಿದಾಗ, ಗೋಡೆಯ ತಗಡು ಕಿತ್ತುಹೋಗಿದ್ದ ಕಡೆಯಿಂದ ಆಚೆಯ ಓಣಿ ಕಾಣಿಸಿತು. ಅಲ್ಲಿ ಮರದ ಕೆಳಗೆ ಅದೇ ಮಾಡೆಲ್ಲಿನ ಕಾರು ನಿಂತಿತ್ತು. ಅದೇ ವರ್ಷದ್ದು. ಮೇಲೆ ಬೆರಳಲ್ಲಿ ಬರೆಯಬಹುದಾದಷ್ಟು ಧೂಳು, ಎಲೆ, ಹಕ್ಕಿಯ ಹಿಕ್ಕೆ. ಒಂದು ಟಯರಿನಲ್ಲಿ ಗಾಳಿ ಕಡಿಮೆ.

ತಗಡಿನ ಸಂದಿಯಿಂದ ನುಸುಳಿ ಹೋದ. ಹಿಂದಿನ ಬಾಗಿಲಿಗೆ ಬೀಗ ಬಿದ್ದಿರಲಿಲ್ಲ. ಸೀಟಿನ ಮೇಲೆ ಮಡಚಿದ ಕೊಡೆ, ಒಂದು ಬಟ್ಟೆ ಚೀಲ, ಅರ್ಧ ಓದಿ ಪುಟದ ಮೂಲೆ ಮಡಿಸಿದ ಪುಸ್ತಕ. ಗುಜರಿಯವರು ಜಾಗ ಸಾಲದೆ ಕೆಲವೊಮ್ಮೆ ಓಣಿಯಲ್ಲೂ ಗಾಡಿ ನಿಲ್ಲಿಸುವುದುಂಟು, ಅಂದುಕೊಂಡ. ಅದು ಸುಳ್ಳೂ ಅಲ್ಲ. ಐವತ್ತು ಹೆಜ್ಜೆ ವಾಪಸ್ ಹೋಗಿ "ಓಣಿಯಲ್ಲಿರೋದು ನಿಮ್ಮದೇನಾ?" ಅಂತ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಕೇಳಿದರೆ ಅಲ್ಲ ಅನ್ನುತ್ತಾರೆಂಬ ಭಯದಿಂದಲೇ ಕೇಳಲಿಲ್ಲ.

ಇಪ್ಪತ್ತು ನಿಮಿಷದಲ್ಲಿ ಮಷೀನು ಕೈಗೆ ಬಂತು. ಒಂದು ಕ್ಲಿಪ್ಪೂ ಮುರಿಯಲಿಲ್ಲ. ಗಾಜು ಒಳಗೆ ಬೀಳದ ಹಾಗೆ ಮರದ ಚಕ್ಕೆಯೊಂದನ್ನು ಅಡ್ಡ ಕೊಟ್ಟ. ಒಳಹಲಗೆಯನ್ನು ಮೊದಲಿದ್ದಂತೆಯೇ ಕೂರಿಸಿ ಸ್ಕ್ರೂಗಳನ್ನು ಬಿಗಿದ. ಗುಜರಿ ಗಾಡಿಗೆ ಯಾರೂ ಇಷ್ಟೆಲ್ಲ ಮಾಡುವುದಿಲ್ಲ. ಮಾಡುತ್ತಿದ್ದಾಗಲೇ ಅವನಿಗದು ಹೊಳೆಯಿತು. ಆದರೂ ಕೈ ನಿಲ್ಲಲಿಲ್ಲ.

"ಸಿಕ್ತಾ?" ಅಂದ ಯಜಮಾನ.

"ಸಿಕ್ತು," ಅಂದ ಇಕ್ಕಳ, ಅವನ ಮುಖ ನೋಡದೆ.

ಬೀಗರ ಮನೆಯಲ್ಲಿ ಆ ಭಾನುವಾರ ದೊಡ್ಡ ಸಂಭ್ರಮ. ಬೀಗರು ಗುಂಡಿ ಒತ್ತಿ ಗಾಜನ್ನು ಮೇಲೆ ಕೆಳಗೆ ಮಾಡಿದ್ದೇ ಮಾಡಿದ್ದು. ಪಕ್ಕದ ಮನೆಯವರನ್ನು ಕರೆದು, "ಕಂಪನಿಯವರೇ ಆಗಲ್ಲ ಅಂದಿದ್ದನ್ನ ನಮ್ಮ ಬೀಗರು ಮಾಡಿ ತೋರಿಸಿದ್ರು," ಎಂದು ಹೇಳಿದರು. ಮಗಳ ಮುಖ ಅರಳಿತ್ತು. ಇಕ್ಕಳ ಆ ದಿನ ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು ಹೊಟ್ಟೆತುಂಬ ಉಂಡ. ಅವನ ಹೆಂಡತಿ ವಾರಪೂರ್ತಿ ಬೀದಿಯವರಿಗೆಲ್ಲ ಆ ಕಥೆ ಹೇಳಿದಳು.

ಹನ್ನೆರಡು ದಿನ ಕಳೆದ ಮೇಲೆ ಗ್ಯಾರೇಜಿನ ಮುಂದೆ ಒಂದು ಕಾರು ಬಂದು ನಿಂತಿತು. ಇಳಿದವರು ಅರವತ್ತು ದಾಟಿದ ಹೆಂಗಸು. ಕಣ್ಣಿಗೆ ಕಪ್ಪು ಕನ್ನಡಕ. ಕಾರನ್ನು ನೋಡಿದ ಕೂಡಲೇ ಇಕ್ಕಳನಿಗೆ ಗುರುತು ಸಿಕ್ಕಿತು. ಧೂಳು ತೊಳೆದಿದ್ದರು, ಅಷ್ಟೇ. ಎಡಗಡೆಯ ಹಿಂದಿನ ಕಿಟಕಿಯಲ್ಲಿ ಗಾಜಿರಲಿಲ್ಲ.

"ಗುಜರಿಯವರು ನಿಮ್ಮ ಹತ್ರ ಕಳಿಸಿದ್ರು," ಅಂದರು ಆಕೆ. "ಈ ಮಾಡೆಲ್ಲಿನ ಸಾಮಾನು ಹುಡುಕೋಕೆ ನೀವೊಬ್ಬರೇ ಅಂತೆ. ನಾನು ಅವರ ಹಿಂದಿನ ಓಣಿಯವಳು. ಲೈಬ್ರರಿಯಲ್ಲಿದ್ದೆ, ಈಗ ರಿಟೈರ್ ಆಗಿದೀನಿ. ಎರಡೂ ಕಣ್ಣಿನ ಆಪರೇಷನ್ ಆಗಿ ನಾಲ್ಕು ತಿಂಗಳು ಗಾಡಿ ಮುಟ್ಟಿರ್ಲಿಲ್ಲ. ನಿನ್ನೆ ಡಾಕ್ಟರು ಓಡಿಸಬಹುದು ಅಂದ್ರು. ಮೊದಲನೇ ಉಬ್ಬಿನಲ್ಲೇ ಗಾಜು ಧಡ್ ಅಂತ ಒಳಗೆ ಹೋಯ್ತು. ಅಲ್ಲಿ ನಮ್ಮಕ್ಕ ಕೂರ್ತಾಳೆ. ಗಾಜು ಹಾಕಿದ್ರೆ ವಾಂತಿ, ತೆಗೆದ್ರೆ ಕೆಮ್ಮು. ಅರ್ಧ ಏರಿಸಿ ಅರ್ಧ ಇಳಿಸಿ ಇಟ್ಕೋಬೇಕು ಅವಳಿಗೆ."

ಇಕ್ಕಳ ಸ್ಕ್ರೂಡ್ರೈವರ್ ತೆಗೆದುಕೊಂಡು ಬಾಗಿದ. ತೆರೆದು ನೋಡುವ ನಾಟಕ ಆಡಲೇಬೇಕಿತ್ತು. ಹಲಗೆ ಬಿಚ್ಚಿ, "ಅಯ್ಯೋ, ಮಷೀನೇ ಇಲ್ವಲ್ಲ!" ಅಂದ. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು.

ಆಕೆ ಕನ್ನಡಕ ತೆಗೆದು ಒಳಗೆ ಇಣುಕಿದರು. ಹೊಸದಾಗಿ ದೃಷ್ಟಿ ಬಂದವರು ನೋಡುವ ಹಾಗೆ, ಒಂದೊಂದನ್ನೂ ನಿಧಾನವಾಗಿ. ಕೆಳಗೆ ಬಿದ್ದಿದ್ದ ಮರದ ಚಕ್ಕೆಯನ್ನು ಎತ್ತಿಕೊಂಡರು.

"ಕದ್ದಿದ್ದಾರೆ, ಅಲ್ವಾ? ಆದ್ರೂ ಎಷ್ಟು ಅಚ್ಚುಕಟ್ಟಾಗಿ ಬಿಚ್ಚಿದ್ದಾನೆ ನೋಡಿ. ಗಾಜು ಬೀಳಬಾರದು ಅಂತ ಇದನ್ನ ಬೇರೆ ಇಟ್ಟಿದ್ದಾನೆ. ಕಳ್ಳನಾದ್ರೂ ಒಳ್ಳೆ ಕೆಲಸಗಾರ."

ಜೀವಮಾನವಿಡೀ ಇಕ್ಕಳನ ಕೆಲಸಕ್ಕೆ ಸಿಕ್ಕ ಹೊಗಳಿಕೆಗಳಲ್ಲಿ ಇದರಷ್ಟು ಭಾರವಾದದ್ದು ಇನ್ನೊಂದಿರಲಿಲ್ಲ. "ಹುಡುಕ್ತೀನಿ ಅಮ್ಮಾ," ಎಂದಷ್ಟೇ ಹೇಳಿ, ಗಾಜನ್ನು ಅರ್ಧಕ್ಕೆ ನಿಲ್ಲಿಸಿ ತಾತ್ಕಾಲಿಕವಾಗಿ ಕಟ್ಟಿಕೊಟ್ಟ.

ಮತ್ತೆ ಶುರುವಾಯಿತು ಅಲೆದಾಟ. ಈ ಸಲ ಊರಾಚೆಯ ಗುಜರಿಗಳಿಗೂ ಹೋದ. ಚೂಪು ತಗಡುಗಳ ನಡುವೆ ಮಂಡಿಯೂರಿ, ಇರುವೆ ಗೂಡು ಕಟ್ಟಿದ ಬಾಗಿಲುಗಳೊಳಗೆ ಕೈ ಹಾಕಿ ಹತ್ತು ದಿನ ಹುಡುಕಿದ. ಒಂದೇ ಒಂದು ಸಿಕ್ಕಿದ್ದರೆ ಯಾರಿಗೂ ಏನೂ ಹೇಳದೆ ಕೂರಿಸಿಬಿಡುತ್ತಿದ್ದ. ಅದನ್ನು ಅವನೇ ಆಮೇಲೆ ಒಪ್ಪಿಕೊಂಡಿದ್ದಾನೆ. ಸಿಗಲಿಲ್ಲ. ಆಕೆ ಎರಡು ದಿನಕ್ಕೊಮ್ಮೆ ಬಂದು, "ಸಿಕ್ತಾ? ಅವಸರ ಇಲ್ಲ," ಎಂದು ಹೋಗುತ್ತಿದ್ದರು. ಹನ್ನೊಂದನೆಯ ದಿನ ಅವರು ರಸ್ತೆಯಾಚೆ ಕಾಣಿಸಿದ ಕೂಡಲೇ ಇಕ್ಕಳ ಜಾಕಿನ ಮೇಲಿದ್ದ ಗಾಡಿಯ ಅಡಿಗೆ ಸೇರಿ ಅಡಗಿಕೊಂಡ. ಅಲ್ಲಿಂದ ಅವರ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು. ಸ್ವಲ್ಪ ಹೊತ್ತು ನಿಂತು ಹೊರಟುಹೋದವು. ಐವತ್ತೆರಡು ವರ್ಷದ ಗಂಡಸು, ಮಣ್ಣಿನ ಮೇಲೆ ಅಂಗಾತ ಮಲಗಿ ಉಸಿರು ಬಿಗಿಹಿಡಿದಿದ್ದೇನಲ್ಲ ಅನ್ನಿಸಿ ಅವನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ಮಾರನೆಯ ಬೆಳಿಗ್ಗೆ ಉಪಕರಣದ ಚೀಲ ಹಿಡಿದು ಬೀಗರ ಮನೆಗೆ ಹೋದ. ದಾರಿಯುದ್ದಕ್ಕೂ ಸುಳ್ಳು ಹೊಂದಿಸುತ್ತಿದ್ದ: ಮೋಟರು ಬಿಸಿಯಾಗುತ್ತದೆ, ಬದಲಾಯಿಸಬೇಕು ಎಂದರಾಯಿತು. ಬೀಗರು ಗೇಟಿಗೇ ಬಂದು ಎದುರುಗೊಂಡರು. ಮಗಳು ನೀರು ತಂದಳು. ಇಕ್ಕಳ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೊದಲ ಸ್ಕ್ರೂ ತೆಗೆದ.

"ಅಪ್ಪಾ, ಅದು ಚೆನ್ನಾಗೇ ಕೆಲಸ ಮಾಡ್ತಿದೆಯಲ್ಲ?" ಅಂದಳು ಮಗಳು.

ಹೊಂದಿಸಿದ್ದ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಮುಖ ನೋಡಿದ. ಅದು ಬಾಯಿಂದ ಹೊರಡಲಿಲ್ಲ.

"ಇದು ಗುಜರಿದಲ್ಲ ಮಗಳೇ. ಓಣಿಯಲ್ಲಿ ನಿಂತಿದ್ದ ಯಾರದೋ ಗಾಡಿಯಿಂದ ಬಿಚ್ಕೊಂಡು ಬಂದೆ. ಗೊತ್ತಿದ್ದೂ ಬಿಚ್ಚಿದೆ. ಅವರು ನನ್ನ ಹತ್ರಾನೇ ರಿಪೇರಿಗೆ ಬಂದಿದ್ದಾರೆ."

ಇಕ್ಕಳ ತಲೆ ತಗ್ಗಿಸಿ ಸ್ಕ್ರೂಗಳನ್ನು ತೆಗೆಯುತ್ತಲೇ ಹೋದ. ಬೀಗರು ಬೈದಿದ್ದರೆ ಒಂದಿಷ್ಟು ಹಗುರವಾಗುತ್ತಿತ್ತೇನೋ. ಅವರು ಎಂದಿನ ಮೆಲುದನಿಯಲ್ಲಿ ಹೇಳಿದರು:

"ಸಿಗ್ಲಿಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಬೀಗರೇ. ನಾವು ಹಾಳೆ ಹಾಕ್ಕೊಂಡು ಆರಾಮಾಗೇ ಇದ್ವಿ."

ಮಗಳು ಲೋಟ ಎತ್ತಿಕೊಂಡು ಒಳಗೆ ಹೋದಳು. ಅವನು ಹೊರಡುವವರೆಗೂ ಹೊರಗೆ ಬರಲಿಲ್ಲ. ಅವತ್ತು ಆ ಬಾಗಿಲಿನಲ್ಲಿ ಎರಡು ಕ್ಲಿಪ್ಪು ಮುರಿದವು.

ಅಲ್ಲಿಂದ ನೇರ ಓಣಿಗೆ ಹೋದ. ಲೈಬ್ರರಿಯ ಅಮ್ಮ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದರು. ಅವನ ಕೈಯಲ್ಲಿದ್ದ ಮಷೀನನ್ನೂ ಅವನ ಮುಖವನ್ನೂ ನೋಡಿದರು. ಇಕ್ಕಳ ಎಲ್ಲವನ್ನೂ ನಿಂತುಕೊಂಡೇ ಹೇಳಿದ. ಕೊಡೆ ಕಂಡದ್ದನ್ನು, ಪುಸ್ತಕ ಕಂಡದ್ದನ್ನು, ಕೇಳಬಹುದಿತ್ತು ಎಂಬುದನ್ನು, ಗಾಡಿಯ ಅಡಿಯಲ್ಲಿ ಅಡಗಿದ್ದನ್ನೂ ಬಿಡಲಿಲ್ಲ.

"ಮೊದಲನೇ ದಿನಾನೇ ಗೊತ್ತಾಯ್ತು," ಅಂದರು ಆಕೆ. "ಬಾಗಿಲ ಹಿಡಿಯ ಕೆಳಗೆ ಮುಚ್ಚಳದೊಳಗೆ ಒಂದು ಸ್ಕ್ರೂ ಇದೆ. ನೀವು ನೋಡದೇನೇ ಬೆರಳು ಹಾಕಿ ತೆಗೆದ್ರಿ."

"ಈ ಮಾಡೆಲ್ಲಿಗೆಲ್ಲ ಅದು ಅಲ್ಲೇ ಇರತ್ತೆ ಅಮ್ಮಾ," ಅಂದುಬಿಟ್ಟ ಇಕ್ಕಳ. ಕಸುಬಿನ ಮಾತು ಅಭ್ಯಾಸಬಲದಿಂದ ಬಂದಿತ್ತು. ಕೂಡಲೇ ನಾಲಿಗೆ ಕಚ್ಚಿಕೊಂಡ.

"ಹಾಗೂ ಇರಬಹುದು," ಅಂದರು ಆಕೆ, ನಗದೆ. "ಆದ್ರೆ ಅಷ್ಟೊತ್ತಿಗೆ ನಿಮ್ಮ ಮುಖ ನೋಡಿದ್ದೆ. ಪುಸ್ತಕ ಸೊಂಟಕ್ಕೆ ಸಿಕ್ಕಿಸ್ಕೊಂಡು ಹೋಗೋರನ್ನ ಮೂವತ್ತೈದು ವರ್ಷ ನೋಡಿದೀನಿ."

"ಮತ್ತೆ ಹೇಳ್ಲೇ ಇಲ್ಲ?"

"ನೀವು ಹೇಳ್ತೀರೋ ಇಲ್ವೋ ನೋಡೋಣ ಅಂತ."

"ತಪ್ಪಾಯ್ತು ಅಮ್ಮಾ. ಕ್ಷಮಿಸಿಬಿಡಿ."

"ಅದು ನನಗೆ ಅಷ್ಟು ಬೇಗ ಬರಲ್ಲ. ಕದ್ದ ಪುಸ್ತಕ ಯಾರಾದ್ರೂ ವಾಪಸ್ ತಂದ್ರೆ ತಗೊಂಡು ಕಪಾಟಲ್ಲಿ ಇಡ್ತಿದ್ದೆ. ಅಷ್ಟೇ ನಾನು ಮಾಡ್ತಿದ್ದದ್ದು. ಕೂರಿಸಿ, ಅಕ್ಕ ಕಾಯ್ತಿದ್ದಾಳೆ."

ಅವನು ಕೂರಿಸಿದ. ಒಳಗಿನಿಂದ ಅಕ್ಕ ಬಂದು ಸೀಟಿನಲ್ಲಿ ಕೂತು, ಗಾಜನ್ನು ಅರ್ಧ ಏರಿಸಿ, ಒಂದಿಂಚು ಇಳಿಸಿ, "ಹಾಂ, ಇಷ್ಟಕ್ಕಿರಲಿ," ಅಂದರು. ಅವರಿಗೆ ಯಾವುದೂ ಗೊತ್ತಿರಲಿಲ್ಲ. "ಒಳ್ಳೆ ಮೆಕ್ಯಾನಿಕ್ಕು ಕಣೇ ಇವರು," ಎಂದು ತಂಗಿಗೆ ಹೇಳಿದರು. ತಂಗಿ ಪುಸ್ತಕದ ಹಾಳೆ ತಿರುಗಿಸಿದರು.

ಗುಜರಿಯ ಯಜಮಾನನಿಗೂ ಅವನೇ ಹೋಗಿ ಹೇಳಿದ. ಆ ಮನುಷ್ಯ ಬಾಯಿಗೆ ಬಂದಂತೆ ಬೈದು, ಎರಡು ತಿಂಗಳು ಅಂಗಳದೊಳಗೆ ಕಾಲಿಡಬೇಡ ಅಂದ. ಮೂರನೇ ವಾರಕ್ಕೆ ತಾನೇ ಕರೆಸಿಕೊಂಡ. ಈಗ ಇಕ್ಕಳ ಯಾವ ಗಾಡಿಗೆ ಕೈ ಹಾಕುವ ಮೊದಲೂ "ಇದು ನಿಮ್ಮದೇ ತಾನೇ?" ಎಂದು ಕೇಳುತ್ತಾನೆ. ಎಂಜಿನ್ನಿಲ್ಲದ, ಚಕ್ರವಿಲ್ಲದ, ಮಗುಚಿ ಬಿದ್ದಿರುವ ಗಾಡಿಯಾದರೂ ಸರಿ. ಅಲ್ಲಿಯವರು ನಗುತ್ತಾರೆ. ಬೀಗರ ಕಾರಿಗೆ ಮಷೀನು ಇನ್ನೂ ಸಿಕ್ಕಿಲ್ಲ. ಆ ಗಾಜನ್ನು ಮೇಲಕ್ಕೇರಿಸಿ ಶಾಶ್ವತವಾಗಿ ಬಿಗಿದುಕೊಟ್ಟಿದ್ದಾನೆ.

ಮಗಳು ಎರಡು ತಿಂಗಳು ತವರಿಗೆ ಬರಲಿಲ್ಲ. ಫೋನು ಮಾಡಿದರೂ ಅಮ್ಮನ ಜೊತೆ ಮಾತಾಡಿ ಇಟ್ಟುಬಿಡುತ್ತಿದ್ದಳು. ಆಮೇಲೊಂದು ಮಧ್ಯಾಹ್ನ ಒಬ್ಬಳೇ ಬಂದಳು. ಅಪ್ಪನ ಎದುರು ಕೂತು, ಅವನ ಬೆರಳಿನ ಹೊಸ ಗಾಯ ನೋಡಿ, ಅದರ ಬಗ್ಗೆ ಏನೂ ಕೇಳದೆ, ದನಿ ತಗ್ಗಿಸಿ ಕೇಳಿದಳು:

"ಅಮ್ಮನಿಗೆ ಹೇಳಿದೀಯಾ?"

"ಇಲ್ಲ."

"ಅವಳು ಇನ್ನೂ ಬೀದಿಯಲ್ಲೆಲ್ಲ ಹೇಳ್ಕೊಂಡು ಓಡಾಡ್ತಿದ್ದಾಳೆ. 'ನಮ್ಮನೆಯವರು ಕಂಪನಿಯವರನ್ನೇ ಸೋಲಿಸಿದ್ರು' ಅಂತ. ಈಗಷ್ಟೇ ಎದುರುಮನೆಯವರು ನನ್ನನ್ನ ನಿಲ್ಲಿಸಿ ಕೇಳಿದ್ರು."

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಆಗುತ್ತಿತ್ತು. ಬೀಗರ ಮುಂದೆ, ಲೈಬ್ರರಿಯ ಅಮ್ಮನ ಮುಂದೆ ಬಾಯಿ ಬಿಟ್ಟಿದ್ದವನಿಗೆ ಈ ಹತ್ತು ಹೆಜ್ಜೆ ಅದೆಲ್ಲಕ್ಕಿಂತ ದೂರ ಅನ್ನಿಸಿತು.

"ಏ, ಇವಳೇ," ಎಂದು ಕೂಗಿದ. "ಒಲೆ ಆರಿಸಿ ಇಲ್ಲಿ ಬಾ. ನಿನಗೊಂದು ವಿಷಯ ಹೇಳೋದಿದೆ."